ಮಾತಿನಕ್ಕನ ತರ್ಜುಮೆ

ಸಿನಿಮಾದವರು ಭಟ್ಟಿ ಮೇಸ್ತ್ರಿಯ ಕಾಲರಿಗೆ ಅಂಗಿಗುಂಡಿಯಷ್ಟು ಚಿಕ್ಕ ಮೈಕೊಂದನ್ನು ಸಿಕ್ಕಿಸುತ್ತಿದ್ದುದನ್ನು ನೋಡಿ ಮಾತಿನಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

“ಇದೇನು ಬೀಗಿತ್ತಿ, ನನ್ನ ಕೊರಳಿಗೆ ಕಟ್ತಿರೋದು?” ಗದ್ದ ಮೇಲೆತ್ತಿಕೊಂಡೇ ಮೇಸ್ತ್ರಿ ಕೇಳಿದ.

“ಮೈಕು. ನೀವು ಆಡೋ ಮಾತೆಲ್ಲ ಇದರಲ್ಲಿ ಹಿಡಿದಿಟ್ಕೋತಾರಂತೆ.”

“ಎಲ್ಲಾನೂನಾ?”

“ಎಲ್ಲಾನೂ.”

“ಒಳ್ಳೇದೇ ಆಯ್ತು ಬಿಡಿ. ಮೂವತ್ತು ವರ್ಷದಿಂದ ಈ ಭಟ್ಟಿ ಮುಂದೆ ಗಂಟಲು ಹರ್ಕೊಂಡಿದ್ದೀನಿ. ಈಗಲಾದರೂ ಯಾರಾದ್ರೂ ಕೇಳಿಸಿಕೊಳ್ಳಲಿ.”

ಮೇಸ್ತ್ರಿ ಮದುವಣಿಗನ ಹಾಗೆ ಎದೆಯುಬ್ಬಿಸಿ ನಿಂತ. ಮಾತಿನಕ್ಕ ಮಾತ್ರ ಅಲ್ಲೇ ಇದ್ದ ಮಣ್ಣಿನ ಮೂಟೆಯ ಮೇಲೆ ಕುಳಿತುಬಿಟ್ಟಳು. ಅವಳ ಮಗಳನ್ನು ಮೇಸ್ತ್ರಿಯ ಮಗನಿಗೆ ಕೊಟ್ಟು ಎರಡು ವರ್ಷವಾಗಿತ್ತು. ಬೀಗರ ಬಾಯಿಂದ ಬರುವ ಮಾತು ಎಂಥದ್ದೆಂಬುದು ಆ ಕಾರ್ಖಾನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅದು ಕೈತೊಳೆಯುವ ಬೇಸಿನ್ನು, ಕಮೋಡುಗಳನ್ನು ಮಾಡುವ ಕಾರ್ಖಾನೆ. ಒಂದು ಕಡೆ ಜೇಡಿಮಣ್ಣನ್ನು ಹಾಲಿನಂತೆ ಕಲಸಿ ಅಚ್ಚಿಗೆ ಹೊಯ್ಯುತ್ತಾರೆ, ಒಣಗಿದ್ದನ್ನು ಉಜ್ಜಿ ನಯಮಾಡಿ ಹೊಳಪಿನ ಲೇಪ ಕೊಡುತ್ತಾರೆ, ಕೊನೆಗೆ ಗಾಡಿಗೆ ಪೇರಿಸಿ ಸುಡುವ ಭಟ್ಟಿಯೊಳಕ್ಕೆ ತಳ್ಳುತ್ತಾರೆ. ಅಲ್ಲಿಂದಾಚೆ ಮೇಸ್ತ್ರಿಯ ರಾಜ್ಯ. ಆರು ವರ್ಷದ ಹಿಂದೆ ಹಳೆಯ ಮಾಲೀಕರು ಅದನ್ನು ಕಡಲಾಚೆಯ ಒಂದು ಕಂಪನಿಗೆ ಮಾರಿದರು. ಆ ದೇಶದಿಂದ ಬಂದ ಮ್ಯಾನೇಜರು ಮಾತುಮಾತಿಗೂ ಕೈಗಡಿಯಾರ ನೋಡುತ್ತಿದ್ದರು. ಟೀಗೆ ಎಂಟು ನಿಮಿಷ, ಊಟಕ್ಕೆ ಇಪ್ಪತ್ತೆರಡು ನಿಮಿಷ, ಬಚ್ಚಲಿಗೆ ನಾಲ್ಕು ನಿಮಿಷ ಎಂದು ಗೋಡೆಗೆ ಚೀಟಿ ಅಂಟಿಸಿದರು. ಸಂಜೆಯೊಳಗೆ ಅವರಿಗೆ ನಿಮಿಷರಾಯರು ಎಂದು ಹೆಸರು ಬಿತ್ತು.

ನಿಮಿಷರಾಯರ ಜೊತೆಗೆ ದೊಡ್ಡ ಡಿಗ್ರಿ ಪಡೆದ ದುಭಾಷಿಯೊಬ್ಬ ಬಂದಿದ್ದ. ಅತ್ತ ಆಡಿದ್ದನ್ನು ಇತ್ತ, ಇತ್ತ ಆಡಿದ್ದನ್ನು ಅತ್ತ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೇಳುವ ಪ್ರಾಮಾಣಿಕ. ಅವನ ಪ್ರಾಮಾಣಿಕತೆಯ ನಾಲ್ಕನೇ ದಿನ ಅಚ್ಚು ವಿಭಾಗದವರೂ ಭಟ್ಟಿಯವರೂ ಕೆಲಸ ನಿಲ್ಲಿಸಿ ಅಂಗಳಕ್ಕಿಳಿದರು. ನಿಮಿಷರಾಯರು ಗೇಟಿಗೆ ಬೀಗ ಹಾಕಿಸುತ್ತೇನೆಂದರು. ದುಭಾಷಿ ಅದನ್ನೂ ಚಾಚೂ ತಪ್ಪದೆ ಹೇಳಿದ. ಯಾರೋ ಎಸೆದ ಹಸಿಮಣ್ಣಿನ ಮುದ್ದೆ ಅವನ ಕನ್ನಡಕಕ್ಕೆ ಬಿತ್ತು. ಆತ ಅಲ್ಲಿಂದ ಹೋದವನು ಮತ್ತೆ ಈ ಕಡೆ ತಲೆಹಾಕಲಿಲ್ಲ.

ಆಗ ಲೇಪದ ವಿಭಾಗದಿಂದ ಕೈಯೊರೆಸಿಕೊಳ್ಳುತ್ತ ಎದ್ದುಬಂದವಳೇ ಮಾತಿನಕ್ಕ. ಮದುವೆಯಾದ ಹೊಸದರಲ್ಲಿ ಅವಳೂ ದರ್ಜಿಯಾದ ಅವಳ ಗಂಡನೂ ಎಂಟು ವರ್ಷ ಆ ದೇಶದಲ್ಲಿ ದುಡಿದು ಬಂದಿದ್ದರು. ಹೋಟೆಲು, ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವನು ಹರಿದದ್ದನ್ನು ಹೊಲಿಯುತ್ತಿದ್ದ, ಇವಳು ಇಸ್ತ್ರಿ ಹಾಕುತ್ತಿದ್ದಳು. ಆ ಭಾಷೆಯನ್ನು ಅವಳು ಕಲಿತದ್ದು ಹಬೆಯ ನಡುವೆ. ಬಟ್ಟೆಯ ಕಲೆಗೆ ಆ ಭಾಷೆಯಲ್ಲಿ ಎಷ್ಟು ಪದಗಳಿವೆಯೋ ಅಷ್ಟೂ ಅವಳಿಗೆ ಗೊತ್ತು. ‘ಉತ್ಪಾದಕತೆ’ ಎನ್ನುವುದಕ್ಕೆ ಒಂದೂ ಗೊತ್ತಿಲ್ಲ.

ಅವತ್ತು ಅಂಗಳದಲ್ಲಿ ನಿಮಿಷರಾಯರು ಮುಖ ಕೆಂಪಗೆ ಮಾಡಿಕೊಂಡು, “ಈ ಜನ ಕೈ ಆಡಿಸುವುದಕ್ಕಿಂತ ಬಾಯಿ ಆಡಿಸುವುದೇ ಹೆಚ್ಚು” ಎಂದರು.

ಮಾತಿನಕ್ಕ ಜನರತ್ತ ತಿರುಗಿದಳು. “ನಿಮ್ಮಲ್ಲಿರೋ ಒಗ್ಗಟ್ಟು ನೋಡಿ ಸಾಹೇಬರಿಗೆ ಆಶ್ಚರ್ಯ ಆಗಿದೆಯಂತೆ. ಇಂಥದ್ದು ಅವರ ದೇಶದಲ್ಲಿ ಇಲ್ಲವಂತೆ.”

ಮೇಸ್ತ್ರಿ ಮೀಸೆ ತಿರುವಿದ. “ಈ ಮನುಷ್ಯನ ತಲೇಲಿರೋದು ಮಿದುಳೋ ಹಸಿಮಣ್ಣೋ ಕೇಳು ತಾಯಿ.”

“ತಮ್ಮ ತಲೆಯಲ್ಲಿ ಏನೇನಿದೆಯೋ ತಿಳಿಯುವ ಆಸೆ ಎನ್ನುತ್ತಾರೆ” ಎಂದು ಮಾತಿನಕ್ಕ ಆ ಭಾಷೆಯಲ್ಲಿ ಹೇಳಿದಳು.

ನಿಮಿಷರಾಯರ ಹುಬ್ಬಿನ ಗಂಟು ಸಡಿಲಿತು. ಮುಂದೆ ಬಂದು ಮೇಸ್ತ್ರಿಯ ಕೈಕುಲುಕಿದರು. ಹತ್ತು ನಿಮಿಷದಲ್ಲಿ ಎಲ್ಲರೂ ಕೆಲಸಕ್ಕೆ ಮರಳಿದರು. ಮಾರನೆಯ ದಿನವೇ ಅವಳನ್ನು ಲೇಪದ ವಿಭಾಗದಿಂದ ಎತ್ತಿ ದುಭಾಷಿಯ ಕುರ್ಚಿಯಲ್ಲಿ ಕೂರಿಸಿದರು.

ಅಂದಿನಿಂದ ಆರು ವರ್ಷ ಅವಳು ಅದೇ ಕೆಲಸ ಮಾಡಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಿಮಿಷರಾಯರ ಗದರಿಕೆ ಅವಳ ಬಾಯಲ್ಲಿ ಹಾದುಬರುವಷ್ಟರಲ್ಲಿ ಕುಶಲಪ್ರಶ್ನೆಯಾಗಿರುತ್ತಿತ್ತು, ಮೇಸ್ತ್ರಿಯ ಬೈಗುಳ ವಿನಂತಿಯಾಗಿರುತ್ತಿತ್ತು. ಒಮ್ಮೆ ನಿಮಿಷರಾಯರು ಬೇಗ ಬೇಗ ಎಂದು ಪ್ರಾಣ ತಿಂದಾಗ ಮೇಸ್ತ್ರಿ, “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಹೇಳಿ ಅವನಿಗೆ” ಎಂದ. ಅವಳು, “ನಿಮಿಷದ ಬೆಲೆ ಎಷ್ಟೆಂಬುದು ನಮ್ಮ ಗಾದೆಯಲ್ಲೂ ಇದೆ ಎನ್ನುತ್ತಾರೆ” ಎಂದಳು. ನಿಮಿಷರಾಯರು ಆ ಮಾತನ್ನು ಮೆಚ್ಚಿ ಡೈರಿಯಲ್ಲಿ ಬರೆದುಕೊಂಡರು. ಕಾಲ ಕಳೆದಂತೆ ನಿಮಿಷರಾಯರ ಪಾಲಿಗೆ ಮೇಸ್ತ್ರಿಯೊಬ್ಬ ವಿನಯವಂತ, ಮೇಸ್ತ್ರಿಯ ಪಾಲಿಗೆ ಅವರೊಬ್ಬ ದೊಡ್ಡ ಮನುಷ್ಯ. ಎದುರಾದಾಗಲೆಲ್ಲ ಇಬ್ಬರೂ ನಗುತ್ತಿದ್ದರು. ಮಧ್ಯದಲ್ಲಿ ನಿಂತ ಮಾತಿನಕ್ಕನೂ ನಗುತ್ತಿದ್ದಳು.

ಈಗ ಬಂದದ್ದು ಸಿನಿಮಾದವರು. ಕಂಪನಿಯ ದೇಶದಿಂದಲೇ ಬಂದ ಇಬ್ಬರು: ಹೆಗಲಮೇಲೆ ಕ್ಯಾಮೆರಾ ಹೊತ್ತ ಒಬ್ಬ ತರುಣಿ, ಉದ್ದನೆಯ ಕೋಲಿನ ತುದಿಗೆ ಬೆಕ್ಕಿನಂಥ ರೋಮದ ಮೈಕು ಸಿಕ್ಕಿಸಿಕೊಂಡ ಒಬ್ಬ ಗಂಡಸು. ಎರಡು ದೇಶದ ಜನ ಒಂದು ಸೂರಿನಡಿ ಕೆಲಸ ಮಾಡುವಾಗ ಎಲ್ಲೆಲ್ಲಿ ತಿಕ್ಕಾಟ ಹುಟ್ಟುತ್ತದೆ, ಎಲ್ಲೆಲ್ಲಿ ಕಿಡಿ ಹಾರುತ್ತದೆ ಎಂದು ಇದ್ದದ್ದು ಇದ್ದಹಾಗೆ ಚಿತ್ರ ತೆಗೆಯಬೇಕಂತೆ. ಮೂರು ವಾರವಾದರೂ ಒಂದು ಕಿಡಿಯೂ ಹಾರಲಿಲ್ಲ. ಕ್ಯಾಮೆರಾ ಹುಡುಗಿ ಸೋತುಹೋದಳು.

“ಇಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟೇ ಬರುವುದಿಲ್ಲವಾ?” ಎಂದು ಟೀ ಹೊತ್ತಿನಲ್ಲಿ ಮಾತಿನಕ್ಕನನ್ನು ಕೇಳಿದಳು. “ನಾನು ಜಗಳದ ಚಿತ್ರ ಮಾಡಲು ಬಂದವಳು. ಇಲ್ಲಿ ನೋಡಿದರೆ ಮದುವೆ ಮನೆ.”

“ನಮ್ಮ ಜನವೇ ಹಾಗೆ. ತುಂಬ ಸಾಧು” ಎಂದಳು ಮಾತಿನಕ್ಕ.

“ಇರಲಿ. ಮಾತನ್ನೆಲ್ಲ ಊರಿಗೆ ಕಳಿಸುತ್ತೇನೆ. ಅಲ್ಲಿ ನಿಮ್ಮ ಭಾಷೆ ಬಲ್ಲ ಒಬ್ಬ ಪ್ರೊಫೆಸರಮ್ಮ ಇದ್ದಾರೆ. ಒಂದೊಂದು ಮಾತನ್ನೂ ತರ್ಜುಮೆ ಮಾಡಿ ಚಿತ್ರದ ಕೆಳಗೆ ಅಕ್ಷರದಲ್ಲಿ ಹಾಕುತ್ತಾರೆ.”

ಮಾತಿನಕ್ಕನ ಕೈಯಲ್ಲಿದ್ದ ಟೀ ಲೋಟ ಬಾಯಿಗೂ ಹೋಗಲಿಲ್ಲ, ಮೇಜಿಗೂ ಬರಲಿಲ್ಲ.

ಅವತ್ತು ಮನೆಗೆ ಹೋದವಳೇ ಗಂಡನ ಮುಂದೆ ಕುಳಿತಳು. ಅವನು ಪ್ಯಾಂಟೊಂದರ ಅಂಚು ಬಿಚ್ಚುತ್ತಿದ್ದ.

“ನನ್ನ ಕಥೆ ಮುಗೀತು ಕಣ್ರೀ” ಎಂದು ಎಲ್ಲ ಹೇಳಿದಳು.

ಗಂಡ ಬಾಯಲ್ಲಿದ್ದ ದಾರ ತೆಗೆದು, “ಆರು ವರ್ಷದಲ್ಲಿ ಒಂದಾದ್ರೂ ನಿಜ ಹೇಳಿದ್ದೀಯೇನೇ?” ಎಂದ.

“ಊಟ ಎಷ್ಟು ಗಂಟೆಗೆ ಅನ್ನೋದನ್ನ ನಿಜವಾಗಿಯೇ ಹೇಳಿದ್ದೀನಿ.”

ಗಂಡ ನಕ್ಕ ರಭಸಕ್ಕೆ ಗುಂಡಿಡಬ್ಬಿ ಉರುಳಿತು. ಇಬ್ಬರೂ ನೆಲದ ಮೇಲೆ ಗುಂಡಿ ಆರಿಸುತ್ತ ಕುಳಿತರು. “ನಾಳೆಯಿಂದ ಬೀಗರಿಗೆ ಒಳ್ಳೆ ಮಾತು ಕಲಿಸು. ಮುಂದಿನದಾದ್ರೂ ನೆಟ್ಟಗಿರಲಿ” ಎಂದು ಅವನು ಉಪಾಯ ಹೇಳಿದ.

ಅದನ್ನೂ ಮಾಡಿ ನೋಡಿದಳು. ಮರುದಿನ ಮೇಸ್ತ್ರಿಯನ್ನು ಬದಿಗೆ ಕರೆದು, “ಬೀಗರೇ, ಬೈದರೆ ಕ್ಯಾಮೆರಾದಲ್ಲಿ ಮುಖ ಊದಿಕೊಂಡು ಕಾಣುತ್ತಂತೆ. ಸ್ವಲ್ಪ ಮೆತ್ತಗೆ ಮಾತಾಡಿ” ಎಂದಳು. ಮೇಸ್ತ್ರಿ ಅರ್ಧ ದಿನ ಕಷ್ಟಪಟ್ಟ. ಗಾಡಿ ತಳ್ಳುವವನು ಅವನ ಕಾಲಿನ ಮೇಲೆ ಚಕ್ರ ಹತ್ತಿಸಿದಾಗ, “ಅಯ್ಯಾ... ನಿನಗೆ... ಒಳ್ಳೇದಾಗಲಿ” ಎಂದು ಹಲ್ಲು ಕಚ್ಚಿ ಹೇಳಿದ. ಇವನಿಗೆ ಏನೋ ಆಗಿದೆಯೆಂದು ಹೆದರಿದ ಭಟ್ಟಿಯವರು ನೀರು ತಂದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವನು, “ನನ್ನ ಕೈಲಾಗಲ್ಲ ಬೀಗಿತ್ತಿ. ಮಾತು ಒಳಗೇ ಉಳಿದರೆ ನನಗೆ ಹೊಟ್ಟೆ ಉಬ್ಬರಿಸುತ್ತೆ” ಎಂದು ಕೈಚೆಲ್ಲಿದ.

ಅಷ್ಟರಲ್ಲಿ ನಿಜವಾದ ತಕರಾರೊಂದು ಬಂದು ವಕ್ಕರಿಸಿತು.

ಭಟ್ಟಿ ಆರಿಸಿದ ಮೇಲೆ ಹದಿನೆಂಟು ಗಂಟೆ ಅದರ ಬಾಗಿಲು ತೆಗೆಯುವಂತಿರಲಿಲ್ಲ. ಇದು ಮೇಸ್ತ್ರಿಯ ಗುರುವಿನ ಕಾಲದಿಂದ ಬಂದ ಲೆಕ್ಕ. ಕಂಪನಿಯ ಮುಖ್ಯ ಕಚೇರಿಯಿಂದ ಹೊಸ ಆದೇಶ ಬಂತು: ಹದಿನಾಲ್ಕು ಗಂಟೆ ಸಾಕು. ನಿಮಿಷರಾಯರು ಕಾಗದ ಹಿಡಿದು ಭಟ್ಟಿಯ ಮುಂದೆ ಬಂದರು. ಹಿಂದೆಯೇ ಕ್ಯಾಮೆರಾ ಹುಡುಗಿ, ಅವಳ ಹಿಂದೆ ಬೆಕ್ಕಿನ ಕೋಲು.

“ಇವತ್ತು ಸಂಜೆ ಆರಕ್ಕೆ ಭಟ್ಟಿ ಆರಿಸಿ. ನಾಳೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯಲೇಬೇಕು. ಯಾರು ಏನೇ ಹೇಳಲಿ” ಎಂದರು ನಿಮಿಷರಾಯರು.

“ಭಟ್ಟಿ ಬಾಗಿಲು ಬೇಗ ತೆಗೆಯೋ ಬಗ್ಗೆ ಸಾಹೇಬರು ಯೋಚಿಸ್ತಾ ಇದ್ದಾರಂತೆ” ಎಂದಳು ಮಾತಿನಕ್ಕ.

ಮೇಸ್ತ್ರಿಯ ಕಣ್ಣು ಕೆಂಡವಾಯಿತು. “ಬಿಸಿ ಮಾಲಿಗೆ ತಣ್ಣನೆ ಗಾಳಿ ತಾಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತೆ ಅಂತ ಕಣ್ಣುಬಿಡದ ಕೂಸಿಗೂ ಗೊತ್ತು. ನಾನು ಸತ್ತಮೇಲೆ ತೆಗೀಲಿ ಆ ಬಾಗಿಲನ್ನ!”

ಕ್ಯಾಮೆರಾ ಮಾತಿನಕ್ಕನ ಮುಖಕ್ಕೆ ತಿರುಗಿತು. ಸುಳ್ಳು ಹೇಳಿದರೆ ಪ್ರೊಫೆಸರಮ್ಮ ಹಿಡಿಯುತ್ತಾಳೆ, ನಿಜ ಹೇಳಿದರೆ ಈಗಲೇ ಹೊತ್ತಿಕೊಳ್ಳುತ್ತದೆ. ಎರಡಕ್ಕೂ ನಡುವಿನದೊಂದು ಅವಳ ಬಾಯಿಗೆ ಬಂತು. “ಆ ಬಾಗಿಲು ತೆಗೆಯುವಾಗ ತಾನು ಇರುವುದಿಲ್ಲ ಎನ್ನುತ್ತಾರೆ.”

“ಓ, ಪರವಾಗಿಲ್ಲ” ಎಂದು ನಿಮಿಷರಾಯರು ಖುಷಿಯಾದರು. “ಬೇರೆಯವರ ಕೈಲಿ ತೆಗೆಸುತ್ತೇನೆ. ಅವರು ನಿಧಾನವಾಗಿ ಬರಲಿ, ಪಾಪ. ವಯಸ್ಸಾಯಿತು.”

“ನಾಳೆ ನೀವು ನಿಧಾನವಾಗಿ ಬಂದರೆ ಸಾಕಂತೆ ಬೀಗರೇ” ಎಂದಳು ಇತ್ತ.

“ಹಾಗೆ ಬನ್ನಿ ದಾರಿಗೆ” ಎಂದು ಮೇಸ್ತ್ರಿ ತಣ್ಣಗಾದ. “ಎಷ್ಟಂದ್ರೂ ದೊಡ್ಡ ಮನುಷ್ಯ. ಹೇಳಿದರೆ ಅರ್ಥ ಮಾಡ್ಕೋತಾನೆ.” ಇಬ್ಬರೂ ಕೈಕುಲುಕಿದರು.

ಸಂಜೆ ನಿಮಿಷರಾಯರನ್ನು ಒಂಟಿಯಾಗಿ ಕಂಡು ಹೇಗಾದರೂ ಆದೇಶವನ್ನು ಮುಂದಕ್ಕೆ ಹಾಕಿಸಬೇಕೆಂದು ಮಾತಿನಕ್ಕ ಲೆಕ್ಕ ಹಾಕಿದ್ದಳು. ಆದರೆ ಕ್ಯಾಮೆರಾ ಹುಡುಗಿ ಅವಳನ್ನು ಹಿಡಿದು ಕೂರಿಸಿದಳು. ಈ ಕಾರ್ಖಾನೆಯ ಸೌಹಾರ್ದದ ಗುಟ್ಟೇನೆಂದು ಎರಡು ಗಂಟೆ ಸಂದರ್ಶನ ಮಾಡಿದಳು. ಬಿಡಿಸಿಕೊಂಡು ಹೊರಬರುವಷ್ಟರಲ್ಲಿ ನಿಮಿಷರಾಯರ ಕಾರು ಗೇಟು ದಾಟಿತ್ತು. ಬೆಳಿಗ್ಗೆ ಬೇಗ ಹೋಗೋಣವೆಂದುಕೊಂಡಳು. ಬೆಳಿಗ್ಗೆ ಬಸ್ಸು ಕೆಟ್ಟು ನಡುರಸ್ತೆಯಲ್ಲಿ ನಿಂತಿತು.

ಕಾರ್ಖಾನೆ ಮುಟ್ಟಿದಾಗ ಎಂಟೂಮುಕ್ಕಾಲು. ಭಟ್ಟಿಯ ಬಾಗಿಲು ಹಾರುಹೊಡೆದಿತ್ತು. ನೂರ ಇಪ್ಪತ್ತು ಬೇಸಿನ್ನುಗಳ ಗಾಡಿ ಹೊರಗೆ ನಿಂತಿತ್ತು. ನಿಮಿಷರಾಯರು ಗಡಿಯಾರ ನೋಡಿಕೊಂಡು ನಗುತ್ತಿದ್ದರು. ಆಗಲೇ ಗಾಡಿಯೊಳಗಿಂದ ಸಣ್ಣ ಸದ್ದು: ಟಿಣ್. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಟಿಣ್, ಟಿಣ್. ಯಾರೋ ಮರೆಯಲ್ಲಿ ಕುಳಿತು ಗಾಜಿನ ಬಳೆ ಕುಟ್ಟಿದ ಹಾಗೆ. ನಿಮಿಷರಾಯರ ನಗು ನಿಂತಿತು. ಅದೇ ಹೊತ್ತಿಗೆ, ಹೇಳಿದಂತೆ ನಿಧಾನವಾಗಿಯೇ ಹೊರಟು, ಸುಮ್ಮನೆ ಒಮ್ಮೆ ನೋಡಿಹೋಗೋಣವೆಂದು ಮೇಸ್ತ್ರಿ ಒಳಗೆ ಬಂದ.

ಕೂಗಾಡುತ್ತಾನೆಂದು ಎಲ್ಲರೂ ಕಿವಿ ಮುಚ್ಚಿಕೊಳ್ಳಲು ಸಿದ್ಧರಾದರು. ಅವನು ಕೂಗಲಿಲ್ಲ. ಒಂದು ಬೇಸಿನ್ನಿಗೆ ಬೆರಳ ಗೆಣ್ಣಿನಿಂದ ತಟ್ಟಿದ. ಗಂಟೆಯಂತೆ ಮೊಳಗಬೇಕಾದದ್ದು ಒಡಕು ಮಡಕೆಯಂತೆ ಠಪ್ಪೆಂದಿತು. ಅದನ್ನು ಮೆಲ್ಲಗೆ ಕೆಳಗಿಟ್ಟು ನಿಮಿಷರಾಯರನ್ನು ನೋಡಿದ.

“ನಿಮ್ಮನ್ನ ದೊಡ್ಡ ಮನುಷ್ಯರು ಅಂತ ನಂಬಿದ್ದೆ” ಎಂದ. ಆರು ವರ್ಷದಲ್ಲಿ ಅವನು ತಾನಾಗಿಯೇ ಮೆತ್ತಗೆ ಆಡಿದ ಮೊದಲ ಮಾತು ಅದು.

ನಿಮಿಷರಾಯರೂ ಪಿಸುದನಿಯಲ್ಲಿ ತಮ್ಮ ಭಾಷೆಯಲ್ಲಿ ಹೇಳಿದರು: “ಅವರು ಒಪ್ಪಿದ ಮೇಲೇ ನಾನು ತೆಗೆಸಿದ್ದು. ಹೀಗಾಗುತ್ತದೆಂದು ಗೊತ್ತಿದ್ದೂ ನನಗೆ ಹೇಳಲಿಲ್ಲ. ನನ್ನ ಮಾನ ಕಳೆಯಬೇಕೆಂದೇ ಮಾಡಿದರು.”

ಇಬ್ಬರೂ ಮಾತಿನಕ್ಕನ ಮುಖ ನೋಡಿದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಸಿಟ್ಟನ್ನು ತಿದ್ದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಇದು ಸಿಟ್ಟಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮೋಸಗಾರರೆಂದು ತಿಳಿದಿದ್ದರು, ಇಬ್ಬರ ಮುಖದಲ್ಲೂ ನೋವಿತ್ತು. ಭಟ್ಟಿಯ ಶಾಖಮಾಪಕ ತಪ್ಪು ತೋರಿಸಿತು ಎನ್ನೋಣವೇ ಎಂಬ ಸುಳ್ಳೊಂದು ನಾಲಿಗೆಯ ತುದಿಗೆ ಬಂದದ್ದೂ ಹೌದು. ಅದನ್ನು ನುಂಗಿಕೊಂಡಳು.

“ತಪ್ಪು ನಿಮ್ಮಿಬ್ಬರದ್ದೂ ಅಲ್ಲ. ನನ್ನದು” ಎಂದು ಮೊದಲು ಆ ಭಾಷೆಯಲ್ಲಿ, ಆಮೇಲೆ ತನ್ನ ಭಾಷೆಯಲ್ಲಿ ಹೇಳಿದಳು. ನಿನ್ನೆ ಯಾರು ಏನು ಹೇಳಿದರು, ತಾನು ಅದನ್ನು ಏನು ಮಾಡಿ ದಾಟಿಸಿದೆ ಎಂಬುದನ್ನು ಬಿಡಿಬಿಡಿಯಾಗಿ ಹೇಳಿದಳು. “ನಿನ್ನೆ ಮಾತ್ರ ಅಲ್ಲ. ಆರು ವರ್ಷದಿಂದಲೂ ಇದೇ ಮಾಡಿದ್ದೀನಿ.”

ಗಾಡಿಯೊಳಗೆ ಇನ್ನೊಂದು ಬೇಸಿನ್ನು ಟಿಣ್ ಎಂದಿತು.

ಮೊದಲು ನಿಮಿಷರಾಯರು ಬಾಯಿಬಿಟ್ಟರು. “ಹಾಗಾದರೆ ಮೊದಲ ದಿನ ಅವರು ನನ್ನ ತಲೆಯ ಬಗ್ಗೆ ಏನು ಹೇಳಿದ್ದು?”

ಮಾತಿನಕ್ಕ ಹೇಳಿದಳು. ಮಿದುಳೋ ಹಸಿಮಣ್ಣೋ ಎಂಬುದನ್ನು ಒಂದಕ್ಷರ ಬಿಡದೆ ಹೇಳಿದಳು.

ನಿಮಿಷರಾಯರ ಮುಖ ಕೆಂಪಾಯಿತು. “ಅವರಿಗೆ ಹೇಳಿ, ಇಷ್ಟು ಹಟಮಾರಿ ಕತ್ತೆಯನ್ನು ನನ್ನ ಜೀವಮಾನದಲ್ಲಿ ನೋಡಿಲ್ಲ ಅಂತ. ಇದ್ದದ್ದು ಇದ್ದ ಹಾಗೆ ಹೇಳಿ!”

ಹೇಳಿದಳು. ಮೇಸ್ತ್ರಿಗೆ ಕಳೆದುಹೋದ ಧ್ವನಿ ಮರಳಿ ಬಂತು. ಅಲ್ಲಿಂದ ಮುಕ್ಕಾಲು ಗಂಟೆ ಇಬ್ಬರೂ ಕೂಗಾಡಿದರು. ಟೀಯ ಎಂಟು ನಿಮಿಷದಿಂದ ಹಿಡಿದು ಬಚ್ಚಲ ನಾಲ್ಕು ನಿಮಿಷದವರೆಗೆ, ಗೋಡೆಯ ಚೀಟಿಯಿಂದ ಹಿಡಿದು ಗುರುವಿನ ಹದಿನೆಂಟು ಗಂಟೆಯವರೆಗೆ ಯಾವುದನ್ನೂ ಬಿಡಲಿಲ್ಲ. ಮಾತಿನಕ್ಕ ಬಾಣಂತಿಯ ಹಾಗೆ ಬೆವರುತ್ತ ಎರಡೂ ಕಡೆ ದಾಟಿಸಿದಳು. ಬೈಗುಳಕ್ಕೆ ಅವಳ ಬಳಿ ಇದ್ದದ್ದು ಲಾಂಡ್ರಿಯ ಮಾತು ಮಾತ್ರ. ಮೇಸ್ತ್ರಿಯ ಒಂದು ಅಪರೂಪದ ಬೈಗುಳಕ್ಕೆ ಏನೂ ಸಿಗದೆ, “ಎಷ್ಟು ಒಗೆದರೂ ಹೋಗದ ಎಣ್ಣೆಕಲೆ ನೀವು ಎನ್ನುತ್ತಾರೆ” ಎಂದಳು. ಕ್ಯಾಮೆರಾ ಹುಡುಗಿ ಕಿಸಕ್ಕೆಂದಳು. ನಿಮಿಷರಾಯರು ಅವಳನ್ನು ಗುರಾಯಿಸಹೋಗಿ ತಾವೇ ತುಟಿ ಕಚ್ಚಿಕೊಂಡರು.

ದಮ್ಮು ತೆಗೆದುಕೊಳ್ಳಲು ನಿಂತಾಗ ಮೇಸ್ತ್ರಿ ಇದ್ದಕ್ಕಿದ್ದಂತೆ ಕೇಳಿದ: “ಬೀಗಿತ್ತಿ, ನಿಜ ಹೇಳಿ. ನನ್ನ ಅವ್ವ ಹೋದಾಗ ಇವರು ಮನೆಗೆ ಬಂದು ಹೇಳಿದ್ದು? ತನ್ನ ತಾಯಿ ಸಾಯುವಾಗ ತಾನೂ ಹತ್ತಿರ ಇರಲಿಲ್ಲ, ದೂರದ ಊರಲ್ಲಿ ಕೆಲಸದಲ್ಲಿದ್ದೆ ಅಂದದ್ದು? ಅದೂ ನೀವೇ ಕಟ್ಟಿದ್ದಾ?”

“ಇಲ್ಲ ಬೀಗರೇ. ಅದು ಅವರದ್ದೇ. ಒಂದು ಪದಾನೂ ನಾನು ಮುಟ್ಟಲಿಲ್ಲ.”

ಅವನು ಏನು ಕೇಳಿದನೆಂದು ನಿಮಿಷರಾಯರಿಗೂ ಹೇಳಿದಳು. ಅವರು ತಲೆತಗ್ಗಿಸಿ ಬೂಟಿನ ತುದಿಯಿಂದ ನೆಲದ ಮಣ್ಣು ಕೆರೆದರು. ಮತ್ತೆ ತಲೆಯೆತ್ತಿದಾಗ ಕೂಗಲಿಲ್ಲ, ಆದರೆ ಸಡಿಲವೂ ಆಗಲಿಲ್ಲ. “ನೀವು ಮೂರು ದಿನ ಮನೆಯಲ್ಲಿರಿ. ನಾನು ಯೋಚಿಸಬೇಕು” ಎಂದು ಮಾತಿನಕ್ಕನಿಗೆ ಹೇಳಿದರು.

ಅವಳು ಅದನ್ನೂ ಮೇಸ್ತ್ರಿಗೆ ತರ್ಜುಮೆ ಮಾಡಿದಳು. “ಬೀಗಿತ್ತೀನ ಕಳಿಸಿದರೆ ನಾನೂ ಹೋಗ್ತೀನಿ ಅಂತ ಹೇಳಿ!” ಎಂದು ಅವನು ಗುಡುಗಿದ.

“ನನ್ನನ್ನು ಕಳಿಸಿದರೆ ತಾನೂ ಹೋಗುತ್ತೇನೆ ಎನ್ನುತ್ತಾರೆ” ಎಂದು ಅವಳು ನಿಮಿಷರಾಯರಿಗೆ ಹೇಳಿದಳು. “ಆದರೆ ಹೋಗುವುದಿಲ್ಲ. ಭಟ್ಟಿ ಬಿಟ್ಟರೆ ಅವರಿಗೆ ನಿದ್ದೆ ಬರುವುದಿಲ್ಲ. ಈ ಕೊನೆಯ ಮಾತು ಮಾತ್ರ ನನ್ನದು.” ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದಳು.

ಮೊದಲ ದಿನ ಮನೆಯಲ್ಲಿ ಕಪಾಟು ಜೋಡಿಸಿದಳು. ಎರಡನೆಯ ದಿನ ಅದನ್ನೇ ಮತ್ತೆ ಜೋಡಿಸಿದಳು. ಮೂರನೆಯ ದಿನ ಗಂಡನ ಗಿರಾಕಿಗಳ ಎದುರು ಕುಳಿತು, ಸೊಂಟ ಬಿಗಿಯಾಯಿತೆಂದು ದೂರುವವರಿಗೆ ಅವನು ಹೇಳುವ ಉತ್ತರಗಳನ್ನು ಕೇಳಿದಳು. “ನೀವು ದಪ್ಪ ಆಗಿದ್ದೀರಿ ಅನ್ನೋದು ಬಿಟ್ಟು, ಬಟ್ಟೆ ಕುಗ್ಗಿದೆ ಅಂತೀರಲ್ರೀ” ಎಂದು ಆಕ್ಷೇಪಿಸಿದಳು.

“ಮತ್ತೆ? ನಾಳೆ ಅವರು ಬರಬೇಡವಾ?” ಎಂದ ಗಂಡ. ಎಷ್ಟೋ ದಿನದ ಮೇಲೆ ಅವಳು ಹೊಟ್ಟೆತುಂಬ ನಕ್ಕಳು. ಹೇಳಬೇಕಾದ್ದನ್ನು ಹೇಳಿಬಿಟ್ಟಿದ್ದರಿಂದ ಮೈ ಹಗುರವಾಗಿತ್ತು. ಕೆಲಸ ಹೋದರೆ ಹೋಗಲಿ, ಗುಂಡಿ ಹೊಲಿಯುತ್ತ ಇದ್ದೇನು ಎಂದುಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ಮನೆಯೆದುರು ಕಾರಿನ ಹಾರ್ನ್ ಬಡಿದುಕೊಂಡಿತು. ಬಾಗಿಲು ತೆರೆದರೆ ನಿಮಿಷರಾಯರ ಕಾರು. ಮುಂದಿನ ಸೀಟಿನಲ್ಲಿ ಅವರ ಪಕ್ಕದಲ್ಲೇ ಮೇಸ್ತ್ರಿ. ಇಬ್ಬರೂ ಕೈ ಬೀಸಿಕೊಂಡು ಏನೋ ವಾದ ಮಾಡುತ್ತಿದ್ದರು, ಅವರವರ ಭಾಷೆಯಲ್ಲಿ.

“ಬನ್ನಿ ಬೀಗಿತ್ತಿ, ಬೇಗ ಬನ್ನಿ” ಎಂದು ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿದ. “ದಾರಿ ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿಸ್ತಾನೆ. ಮುಕ್ಕಾಲು ಗಂಟೆ ಆಯ್ತು, ಇದೇ ಬೀದೀಲಿ ಸುತ್ತುತ್ತಾ ಇದೀವಿ.”

ನಿಮಿಷರಾಯರು ಕೆಳಗಿಳಿದು ನೆಟ್ಟಗೆ ನಿಂತರು. “ಕೆಲಸಕ್ಕೆ ಬನ್ನಿ. ಒಂದು ಷರತ್ತು. ಇನ್ನುಮುಂದೆ ಆಡಿದ್ದನ್ನು ಆಡಿದ ಹಾಗೇ ಹೇಳಬೇಕು.”

“ನನ್ನದೂ ಒಂದಿದೆ” ಎಂದಳು ಮಾತಿನಕ್ಕ. “ಇನ್ನುಮುಂದೆ ಹೇಳಿಸಿಕೊಂಡರೆ ಬೇಜಾರಾಗುವ ಮಾತನ್ನು ಆಡುವ ಮುಂಚೆ ಇಬ್ಬರೂ ಒಮ್ಮೆ ಉಗುಳು ನುಂಗಬೇಕು.” ಅದನ್ನು ಎರಡೂ ಭಾಷೆಯಲ್ಲಿ ಹೇಳಿದಳು. ಇಬ್ಬರೂ ಅಲ್ಲೇ, ಅವಳ ಬಾಗಿಲಲ್ಲೇ, ಒಮ್ಮೆ ಉಗುಳು ನುಂಗಿದರು.

ಆ ಮೂರು ದಿನ ಕಾರ್ಖಾನೆಯಲ್ಲಿ ಏನಾಯಿತೆಂದು ಅವಳು ಕೇಳಿದರೆ ಮೇಸ್ತ್ರಿ, “ಏನಿಲ್ಲ, ಹೇಗೋ ನಡೀತು” ಎಂದು ತೇಲಿಸಿಬಿಟ್ಟ. ನಿಮಿಷರಾಯರು ಗಡಿಯಾರ ನೋಡಿಕೊಂಡರು. ಅದು ಅವಳಿಗೆ ತಿಳಿದದ್ದು ಎಂಟು ತಿಂಗಳ ಮೇಲೆ, ಕ್ಯಾಮೆರಾ ಹುಡುಗಿ ಚಿತ್ರ ಮುಗಿಸಿಕೊಂಡು ಬಂದಾಗ.

ಒಂದು ರಜೆಯ ದಿನ ಕಾರ್ಖಾನೆಯ ಕ್ಯಾಂಟೀನಿನ ಕಿಟಕಿಗಳಿಗೆ ಪರದೆ ಎಳೆದು, ಗೋಡೆಗೆ ಬಿಳಿ ಬಟ್ಟೆ ಬಿಗಿದರು. ಎಲ್ಲರೂ ಮನೆಮಂದಿಯೊಂದಿಗೆ ಬಂದು ಬೆಂಚುಗಳಲ್ಲಿ ಒತ್ತಿಕೊಂಡು ಕುಳಿತರು. ಮಾತಿನಕ್ಕ ಮೇಸ್ತ್ರಿಯ ಪಕ್ಕದಲ್ಲಿ ಕುಳಿತಳು. ಚಿತ್ರದ ಕೆಳಗಿನ ಅಕ್ಷರ ಆ ದೇಶದ ಭಾಷೆಯಲ್ಲಿದ್ದುದರಿಂದ ಅದನ್ನು ಓದಿ ಹೇಳುವುದು ಅವಳ ಪಾಲಿಗೆ ಬಂದಿತ್ತು.

ತನ್ನ ತಪ್ಪೊಪ್ಪಿಗೆ ಬಂದಾಗ ಅವಳು ಸೆರಗು ಬಾಯಿಗೆ ಅಡ್ಡಹಿಡಿದಳು. ಆದರೆ ಚಿತ್ರ ಅಲ್ಲಿಗೆ ನಿಲ್ಲಲಿಲ್ಲ. ಅವಳಿಲ್ಲದ ಮೂರು ದಿನ ಪರದೆಯ ಮೇಲೆ ಬಂದವು. ಮೊದಲ ದಿನ ಇಬ್ಬರೂ ಭಟ್ಟಿಯ ಎರಡು ತುದಿಯಲ್ಲಿ ಬೆನ್ನು ಹಾಕಿ ನಿಂತಿದ್ದಾರೆ. ಎರಡನೆಯ ದಿನ ನಿಮಿಷರಾಯರು ಸೀಮೆಸುಣ್ಣ ತಂದು ಭಟ್ಟಿಯ ಬಾಗಿಲ ಮೇಲೆ 14 ಎಂದು ಬರೆಯುತ್ತಾರೆ. ಮೇಸ್ತ್ರಿ ಅಂಗೈಯಿಂದ ಒರೆಸಿ 18 ಎಂದು ಬರೆಯುತ್ತಾನೆ. ಒರೆಸುವುದು, ಬರೆಯುವುದು ಹೀಗೇ ನಡೆದು ಇಬ್ಬರ ಅಂಗಿಯೂ ಬೆಳ್ಳಗಾಗಿದೆ. ಕೊನೆಗೆ ಮೇಸ್ತ್ರಿ ಅವರ ಕೈಹಿಡಿದು ಎಳೆದು ಇಟ್ಟಿಗೆ ಗೋಡೆಗೆ ಒತ್ತುತ್ತಾನೆ. ನಿಮಿಷರಾಯರು ಬಿಸಿಗೆ ಹಾರಿಬಿದ್ದು, ಜೇಬಿನಿಂದ ಶಾಖಮಾಪಕ ತೆಗೆದು ಅವನಿಗೆ ತೋರಿಸುತ್ತಾರೆ. ಅಂಗೈಯೂ ಮಾಪಕವೂ ಗಂಟೆಗೊಮ್ಮೆ ಗೋಡೆ ಮುಟ್ಟುತ್ತವೆ. ಮೂರನೆಯ ದಿನ ಬಾಗಿಲ ಮೇಲೆ ಎರಡು ಚಿತ್ರಗಳಿವೆ: ತೆಳು ಬೇಸಿನ್ನಿನ ಪಕ್ಕ 16, ದಪ್ಪ ಕಮೋಡಿನ ಪಕ್ಕ 18. ಕಮೋಡಿನ ಚಿತ್ರ ಬರೆದದ್ದು ನಿಮಿಷರಾಯರೇ. ಅದು ಆನೆಯ ಹಾಗಿದ್ದುದರಿಂದ ಕ್ಯಾಂಟೀನಿಗೆ ಕ್ಯಾಂಟೀನೇ ಬಿದ್ದು ನಕ್ಕಿತು.

ಆ ಲೆಕ್ಕದಲ್ಲೇ ಎಂಟು ತಿಂಗಳಿಂದ ಭಟ್ಟಿ ನಡೆಯುತ್ತಿದ್ದುದು ಮಾತಿನಕ್ಕನಿಗೆ ಗೊತ್ತಿತ್ತು. ಅದು ಹುಟ್ಟಿದ ಬಗೆ ಗೊತ್ತಿರಲಿಲ್ಲ. “ನಾನಿಲ್ಲದಿದ್ರೂ ನಡೆಯುತ್ತೆ ಅಂತಾಯ್ತು” ಎಂದು ಮೆಲ್ಲಗೆ ಅಂದಳು.

ಮೇಸ್ತ್ರಿಗೆ ಅದು ಕೇಳಿಸಲೇ ಇಲ್ಲ. ಪರದೆಯ ಮೇಲೆ ಅವನು ನಿಮಿಷರಾಯರ ಬೆನ್ನ ಹಿಂದೆ ನಿಂತು, ಕೈಕಾಲು ಬೀಸಿ, ಉಸಿರು ತೆಗೆಯದೆ ಏನೇನೋ ಬೈಯುತ್ತಿದ್ದ. ಕ್ಯಾಂಟೀನಿನ ನಗುವಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ, ಅವನ ಕುತ್ತಿಗೆಯ ನರ ಮಾತ್ರ ಕಾಣುತ್ತಿತ್ತು.

“ಏನಂತ ಬರೆದಿದ್ದಾರೆ ಬೀಗಿತ್ತಿ? ಓದಿ, ಓದಿ.”

ಮಾತಿನಕ್ಕ ಓದಿದಳು. “ಮೇಸ್ತ್ರಿಗೆ ಅಸಮಾಧಾನ.”

“ಅಷ್ಟೇನಾ?”

“ಅಷ್ಟೇ.”

“ಇದೇನು ಅನ್ಯಾಯ! ಅಷ್ಟುದ್ದ ಬೈದಿದ್ದೀನಿ. ಏಳು ತಲೆಮಾರು ಮುಟ್ಟಿ ಬಂದಿದ್ದೀನಿ. ಕೆಳಗೆ ಎರಡೇ ಪದ?” ಮೇಸ್ತ್ರಿ ಬೆಂಚಿನಿಂದ ಎದ್ದೇಬಿಟ್ಟ. ಹಿಂದಿನವರು ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದು ಕೂಗಿದರು. ಮುಂದಿನ ಸಾಲಿನಿಂದ ನಿಮಿಷರಾಯರು ತಿರುಗಿ ಏನೆಂದು ಕೇಳಿದರು. ಮಾತಿನಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಚಿತ್ರ ಮುಗಿದು ಪರದೆ ಸರಿಸಿದ ಮೇಲೆ ಕ್ಯಾಮೆರಾ ಹುಡುಗಿ ಅಳುಕುತ್ತ ಬಳಿಗೆ ಬಂದಳು. “ಪ್ರೊಫೆಸರಮ್ಮನಿಗೆ ಆ ಮಾತುಗಳನ್ನು ಹೇಗೆ ಬರೆಯಬೇಕೆಂದು ತಿಳಿಯಲಿಲ್ಲವಂತೆ. ಮುಂದಿನ ಚಿತ್ರಕ್ಕೆ ನೀವೇ ಬರೆದುಕೊಡುತ್ತೀರಾ?”

“ಏನಂತಿದ್ದಾಳೆ?” ಎಂದ ಮೇಸ್ತ್ರಿ.

“ನನ್ನನ್ನ ಕೆಲಸಕ್ಕೆ ಕರೀತಿದ್ದಾಳೆ. ಸಿನಿಮಾದ ಕೆಳಗೆ ಬರೆಯೋ ಕೆಲಸ.”

“ಹೋಗ್ತೀರಾ?”

ಮಾತಿನಕ್ಕ ಉತ್ತರ ಕೊಡುವುದರೊಳಗೆ ನಿಮಿಷರಾಯರು ಬಂದು ಅವಳ ಕೈಗೊಂದು ಕಾಗದ ಕೊಟ್ಟರು. ಸೋಮವಾರದಿಂದ ಟೀ ಹೊತ್ತನ್ನು ಎಂಟು ನಿಮಿಷದಿಂದ ಹದಿನೈದಕ್ಕೆ ಏರಿಸಿದ ಆದೇಶ ಅದು. ಅದರ ಕೆಳಗೆ, ಈ ಎಂಟು ತಿಂಗಳಲ್ಲಿ ಅವಳು ಕಲಿಸಿದ ಇಲ್ಲಿಯ ಅಕ್ಷರಗಳಲ್ಲಿ, ಅಂಕುಡೊಂಕಾಗಿ ಅವರೇ ಬರೆದಿದ್ದರು: ‘ಮಾತಾಡಲು.’ ಅವಳು ಅದನ್ನು ಗಟ್ಟಿಯಾಗಿ ಓದಿದಳು. ಅದಕ್ಕೆ ತರ್ಜುಮೆ ಬೇಕಿರಲಿಲ್ಲ. ಬೆಂಚುಗಳನ್ನು ಎತ್ತಿಡುತ್ತಿದ್ದವರು ಅಲ್ಲಲ್ಲೇ ನಿಂತು ಹೋ ಎಂದರು.

“ನೀನು ಚಿತ್ರ ಕಳಿಸು ಮಗಳೇ, ರಜೆಯ ದಿನ ಬರೆದುಕೊಡುತ್ತೇನೆ” ಎಂದು ಕ್ಯಾಮೆರಾ ಹುಡುಗಿಗೆ ಹೇಳಿ, ಮಾತಿನಕ್ಕ ಆ ಕಾಗದ ಅಂಟಿಸಲು ಗೋಂದು ಹುಡುಕಿಕೊಂಡು ಹೋದಳು.